ಲಗುನಿಯಾ ಸಂತೆಯ ‘ಹಾಸುಬಟ್ಟೆ’ ನೋಟುಗಳು

ಮೆಕ್ಸಿಕೊ ನಗರದ ನಡುಮಧ್ಯದ ಸೋಕಲೊ ಚೌಕದಿಂದ ಉತ್ತರಕ್ಕೆ ನಡೆದರೆ ಸಿಗುವುದು ಲಗುನಿಯಾ ಪೇಟೆ. ಭಾನುವಾರ ಬಂತೆಂದರೆ ಇಲ್ಲಿನ ರಸ್ತೆಬದಿಯಲ್ಲಿ ಹಳೆಯ ಸಾಮಾನುಗಳ ಸಂತೆ. ಕುರ್ಚಿ, ಗಡಿಯಾರ, ಪುಸ್ತಕಗಳ ನಡುವೆ ಹಳೆಯ ನಾಣ್ಯ, ನೋಟುಗಳಿಗೂ ಜಾಗವುಂಟು. ನೋಟು ಸಂಗ್ರಾಹಕರಿಗೆ 1913ರಿಂದ 1916ರವರೆಗಿನ ಕಾಗದಗಳ ಮೇಲೆ ವಿಶೇಷ ಮೋಹ. ಆ ಕಾಲದ ನೋಟುಗಳಿಗೆ ಜನ ಇಟ್ಟ ಅಡ್ಡಹೆಸರು ‘ಬಿಲಿಂಬಿಕೆ’.

1910ರಲ್ಲಿ ಕ್ರಾಂತಿ ಶುರುವಾಯಿತು. 1913ರಲ್ಲಿ ಅಧ್ಯಕ್ಷ ಮದೇರೊ ಕೊಲೆಯಾದ ಮೇಲಂತೂ ಒಬ್ಬೊಬ್ಬ ಸೇನಾನಿಗೂ ಒಂದೊಂದು ಸೈನ್ಯ. ಸೈನಿಕರಿಗೆ ಸಂಬಳ ಕೊಡಬೇಕು. ಚಿನ್ನ, ಬೆಳ್ಳಿಯ ನಾಣ್ಯಗಳನ್ನೋ ಜನ ಬಚ್ಚಿಟ್ಟುಬಿಟ್ಟಿದ್ದರು. ಉಳಿದದ್ದು ಅಚ್ಚಿನ ಯಂತ್ರ. ಉತ್ತರದ ಚಿವಾವಾದಲ್ಲಿ ಪಾಂಚೋ ವಿಲ್ಲಾ ಹೊರಡಿಸಿದ ಒರಟು ನೋಟನ್ನು ಜನ ‘ಸಾಬಾನಾ’, ಅಂದರೆ ಹಾಸುಬಟ್ಟೆ ಎಂದು ಕರೆದರು. ಆಮೇಲೆ ಬಂದದ್ದು ‘ದೋಸ್ ಕರಿತಾಸ್’, ಎರಡು ಪುಟ್ಟ ಮುಖಗಳು. ಒಂದು ಮದೇರೊ, ಇನ್ನೊಂದು ಅವನಂತೆಯೇ ಕೊಲೆಯಾದ ಚಿವಾವಾದ ಗವರ್ನರ್ ಅಬ್ರಹಾಂ ಗೊನ್ಸಾಲೆಸ್. ಖೋಟಾ ನೋಟಿನವರಿಗೆ ಸುಗ್ಗಿಯೋ ಸುಗ್ಗಿ. ಇಂದು ಆ ಖೋಟಾಗಳನ್ನೂ ದುಡ್ಡು ಕೊಟ್ಟು ಕೊಳ್ಳುವವರಿದ್ದಾರೆ!

1915ರಲ್ಲಿ ಸೆಲಾಯಾದಲ್ಲಿ ವಿಲ್ಲಾ ಸೋತ. ಅವನ ನೋಟನ್ನು ಕೇಳುವವರಿಲ್ಲವಾಯಿತು. ಗೆದ್ದ ಕರಾನ್ಸಾ 1916ರಲ್ಲಿ ನ್ಯೂಯಾರ್ಕಿನ ಅಮೆರಿಕನ್ ಬ್ಯಾಂಕ್ ನೋಟ್ ಕಂಪನಿಯಿಂದ ನಯವಾದ ನೋಟು ಅಚ್ಚು ಹಾಕಿಸಿದ. ಹೆಸರೇ ‘ಇನ್ಫಾಲ್ಸಿಫಿಕಾಬ್ಲೆ’ – ನಕಲು ಮಾಡಲಾಗದ್ದು. ಆದರೆ ಬೆಲೆ ಕುಸಿಯಲು ನಕಲೇ ಆಗಬೇಕೆಂದಿಲ್ಲವಲ್ಲ. ಬೆಂಬಲಕ್ಕೆ ಸಾಕಷ್ಟು ಚಿನ್ನವಿಲ್ಲದೆ ಅಸಲಿಯನ್ನೇ ಅಚ್ಚು ಹಾಕುತ್ತ ಹೋದರೂ ಸಾಕು. ಕೂಲಿಯಾಗಿ ಸಿಕ್ಕಿದ ಕಾಗದದಿಂದ ಹೊಟ್ಟೆ ತುಂಬದಾದಾಗ ಆ ವರ್ಷದ ಜುಲೈ 31ರಂದು ರಾಜಧಾನಿಯ ಕಾರ್ಮಿಕರು ಸಾರ್ವತ್ರಿಕ ಮುಷ್ಕರ ಹೂಡಿದರು. ಚಿನ್ನದ ಲೆಕ್ಕದಲ್ಲಿ ಕೂಲಿ ಕೊಡಿ ಎಂಬುದು ಅವರ ಬೇಡಿಕೆ. ಕರಾನ್ಸಾ ಕೊಟ್ಟ ಉತ್ತರ, ಮುಷ್ಕರಕ್ಕೆ ಪ್ರಚೋದಿಸುವವರಿಗೆ ಮರಣದಂಡನೆ ಎಂಬ ಆಜ್ಞೆ. ಮುಷ್ಕರ ಮುರಿಯಿತು. ನೋಟೂ ಉಳಿಯಲಿಲ್ಲ, ವರ್ಷ ಮುಗಿಯುವಷ್ಟರಲ್ಲಿ ಅದರ ಬೆಲೆ ಹೆಚ್ಚುಕಡಿಮೆ ಸೊನ್ನೆ.

ದೇಶದ ಕೇಂದ್ರ ಬ್ಯಾಂಕ್ ‘ಬ್ಯಾಂಕೊ ದೆ ಮೆಹಿಕೊ’ ಆರಂಭವಾದದ್ದು 1925ರ ಸೆಪ್ಟೆಂಬರ್ 1ರಂದು, ಅಧ್ಯಕ್ಷ ಕಾಯೆಸ್ ಕಾಲದಲ್ಲಿ. ಬಿಲಿಂಬಿಕೆಯ ಪೆಟ್ಟು ತಿಂದ ಜನ ಅದರ ನೋಟುಗಳನ್ನು ನಂಬಿ ಕೈಗೆತ್ತಿಕೊಳ್ಳಲು ಇನ್ನೂ ಹಲವು ವರ್ಷ ಬೇಕಾದವು.

1982ರ ಸಾಲದ ಬಿಕ್ಕಟ್ಟಿನ ನಂತರ ಹಣದುಬ್ಬರ ಏರಿ, ನೋಟಿನ ಮೇಲೆ ಸೊನ್ನೆಗಳು ಸಾಲುಗಟ್ಟಿದವು. 1991ರಲ್ಲಿ 1,00,000 ಪೆಸೊಗಳ ನೋಟೇ ಬಂತು. ಅದರ ಮೇಲಿದ್ದುದು ಅದೇ ಕಾಯೆಸ್ ಚಿತ್ರ. 1993ರ ಜನವರಿ 1ರಂದು ಸರ್ಕಾರ ಮೂರು ಸೊನ್ನೆಗಳನ್ನು ಕತ್ತರಿಸಿತು. ಚಿತ್ರ, ವಿನ್ಯಾಸ ಹಾಗೆಯೇ ಉಳಿದು ನೋಟಿನ ಮೇಲಿನ ಅಂಕಿ ಮಾತ್ರ 100 ‘ಹೊಸ ಪೆಸೊ’ ಎಂದಾಯಿತು. ಈ ಎರಡನ್ನೂ ಆಲ್ಬಮ್ಮಿನಲ್ಲಿ ಅಕ್ಕಪಕ್ಕ ಇಟ್ಟರೆ ಗುರುತಿಸಲು ಸೊನ್ನೆಗಳನ್ನು ಎಣಿಸಬೇಕು.