ಕೋವಿಗೆ ಒಪ್ಪುವ ತೋಟಾ

ಹೆಣ್ಣುಮಕ್ಕಳು ಕೋವಿ ಹಿಡಿಯುವುದು ಮಿಷನ್ ಶಾಲೆಗೆ ತಕ್ಕುದೇ ಎಂದು ಪೋಷಕರಲ್ಲಿ ಕೆಲವರು ನನ್ನನ್ನು ಕೇಳಿರುವುದುಂಟು. 2023ರಲ್ಲಿ ಚೀನಾದೇಶದ ಹಾಂಗ್‌ಝೌ ನಗರದಲ್ಲಿ ನಡೆದ ಏಷ್ಯನ್ ಕ್ರೀಡೆಗಳಲ್ಲಿ ಪಂಜಾಬಿನ ಸಿಫ್ಟ್ ಕೌರ್ ಸಮ್ರಾ ಎಂಬಾಕೆಯು 50 ಮೀಟರು ರೈಫಲ್ ಸ್ಪರ್ಧೆಯಲ್ಲಿ 469.6 ಅಂಕಗಳ ಅಂದಿನ ಲೋಕದಾಖಲೆಯೊಡನೆ ಚಿನ್ನದ ಪದಕವನ್ನು ಗಳಿಸಿದಳೆಂದು ಹೇಳಿ ಸುಮ್ಮನಾಗುತ್ತೇನೆ. ನಾನು ಬರೆಯಬೇಕೆಂದಿರುವ ಸಂಗತಿ ಬೇರೆ.

ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಇದೇ ಸ್ಪರ್ಧೆಗಾಗಿ ಒಂದು ರೈಫಲ್ ಕ್ಲಬ್ಬಿನಲ್ಲಿ ಅಭ್ಯಾಸಮಾಡುತ್ತಿದ್ದಳು. ಅವಳ ಗುಂಡುಗಳು ಗುರಿಯ ಕಾಗದದಲ್ಲಿ ಮೇಲೆ ಕೆಳಗೆ ಚದುರುತ್ತಿದ್ದುವು. ಉಸಿರು ಹಿಡಿಯಲು ಬಾರದವಳು, ಇವಳಿಂದಾಗದು, ಎಂದು ಅಲ್ಲಿ ಗುರಿ ಕಲಿಸುವವರು ತೀರ್ಮಾನಿಸಿದರು. ತಾಯಿಯು ಹೊಲಿಗೆಯಿಂದ ಕೂಡಿಟ್ಟ ಹಣದಲ್ಲಿ ಕ್ಲಬ್ಬಿನ ಮೂಲಕ ಅತ್ಯಂತ ಬೆಲೆಯ ತೋಟಾಗಳನ್ನು ತರಿಸಿಕೊಟ್ಟರೂ ಫಲವು ಅದೇ ಆಯಿತು. “ನನ್ನ ಕೈಯೇ ಸರಿಯಿಲ್ಲ, ಟೀಚರ್, ಬಿಟ್ಟುಬಿಡುತ್ತೇನೆ” ಎಂದು ಹುಡುಗಿಯು ನನ್ನ ಮುಂದೆ ಅತ್ತಳು. ವಿಜ್ಞಾನಪಾಠ ಹೇಳಿದವಳಿಗೆ ತೋಚುವ ಪ್ರಶ್ನೆ ಒಂದೇ: ಕೈಯನ್ನು ಬಿಟ್ಟು ಕೋವಿಯನ್ನು ಮಾತ್ರ ಪರೀಕ್ಷಿಸಿದವರುಂಟೋ? ಯಾರೂ ಇರಲಿಲ್ಲ.

ಈ ರಿಮ್‌ಫೈರ್ ತೋಟಾದಲ್ಲಿ ಹೊತ್ತಿಸುವ ಮದ್ದು ತಳದ ನಡುವೆ ಇರದೆ ಮಡಿಸಿದ ಅಂಚಿನೊಳಗೆ ಹರಡಿರುತ್ತದೆ. ಅದು ಒಂದೊಂದರಲ್ಲಿ ಒಂದೊಂದು ಪ್ರಕಾರವಾಗಿ ಹರಡಿದರೆ ಗುಂಡಿನ ವೇಗವೂ ಬೇರೆಬೇರೆಯಾಗುವುದು. ಸೆಕೆಂಡಿಗೆ 10 ಮೀಟರಿನ ವ್ಯತ್ಯಾಸ ಬಂದರೆ 50 ಮೀಟರು ದೂರದಲ್ಲಿ ಗುಂಡು ಸುಮಾರು 7 ಮಿಲಿಮೀಟರು ಮೇಲೋ ಕೆಳಗೋ ತಗಲುತ್ತದೆ. ಹತ್ತು ಅಂಕದ ವೃತ್ತದ ಅಗಲವಾದರೋ 10.4 ಮಿಲಿಮೀಟರು ಮಾತ್ರ! ಇದಲ್ಲದೆ ಒಂದೇ ಕಾರ್ಖಾನೆಯ ಎರಡು ನಳಿಗೆಗಳು ಸಹ ಒಂದೇ ತೋಟಾವನ್ನು ಮೆಚ್ಚುವುದಿಲ್ಲ. ಬೆಲೆಯನ್ನು ನೋಡಿ ಇದನ್ನು ತಿಳಿಯಲಾಗದು. ದಾವೀದನು ಅರಸನ ಕವಚವನ್ನು ತೆಗೆದಿಟ್ಟು ಹಳ್ಳದಲ್ಲಿ ಐದು ಕಲ್ಲುಗಳನ್ನು ಆರಿಸಿಕೊಂಡನಷ್ಟೆ. ಹಳ್ಳದಲ್ಲಿ ಕಲ್ಲಿಗೆ ಬರವೇ? ಆದರೂ ಆರಿಸಿದನು.

ಗಾಳಿಯಿಲ್ಲದ ಒಂದು ಮುಂಜಾನೆ ಕೋವಿಯನ್ನು ಮೇಜಿನ ಮೇಲೆ ಹಿಡಿಕೆಯಲ್ಲಿ ಬಿಗಿದು ನಾಲ್ಕು ಬಗೆಯ ತೋಟಾಗಳನ್ನು ಪರೀಕ್ಷಿಸಿದರು. ಬಗೆ ಬದಲಾದಾಗಲೆಲ್ಲ ಮೊದಲಿನ ಹತ್ತು ಹೊಡೆತಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಹಿಂದಿನ ಗುಂಡಿನ ಮೇಣವು ನಳಿಗೆಯಿಂದ ಹೋಗಬೇಕಷ್ಟೆ. ಬಳಿಕ ಹತ್ತುಹತ್ತರಂತೆ ನಾಲ್ಕು ಸಲ ಹಾರಿಸಿ, ನಮ್ಮ ಪ್ರಯೋಗಶಾಲೆಯ ವರ್ನಿಯರ್ ಕ್ಯಾಲಿಪರಿನಿಂದ ಅತಿ ದೂರದ ಎರಡು ರಂಧ್ರಗಳ ಅಂತರವನ್ನು ಅಳೆದರು. ತಾಯಿ ತರಿಸಿದ ತೋಟಾಗಳ ಸರಾಸರಿ 27 ಮಿಲಿಮೀಟರು. ಅದರ ಅರ್ಧಬೆಲೆಯವುಗಳದು 15. ಅದೇ ಹೆಸರಿನ, ಬೇರೆ ತಯಾರಿಕೆಯ ಸಂಖ್ಯೆಯುಳ್ಳ ಪೆಟ್ಟಿಗೆಯೊಂದು 22ಕ್ಕೆ ಇಳಿಯಲೇ ಇಲ್ಲ. ಹೆಸರಿಗಿಂತ ಸಂಖ್ಯೆ ಮುಖ್ಯವೆಂದು ಆಗ ತಿಳಿಯಿತು. ಬರ್ಮಿಂಗ್‌ಹ್ಯಾಮಿನ ಈಲೀ ಕಾರ್ಖಾನೆಯವರು ಕೋವಿಗಳನ್ನು ತರಿಸಿಕೊಂಡು ಇಂಥ ಪರೀಕ್ಷೆಯನ್ನು ತಮ್ಮಲ್ಲೇ ನಡೆಸಿಕೊಡುತ್ತಾರಂತೆ.

ಗುರಿ ಕಲಿಸುವವರು ಕಾಗದಗಳನ್ನು ಎರಡು ಸಲ ತಿರುವಿನೋಡಿ, ರಾಜ್ಯ ಸ್ಪರ್ಧೆಯ ಪಟ್ಟಿಯಲ್ಲಿ ಅವಳ ಹೆಸರನ್ನು ಬರೆದುಕೊಂಡರು. ಆ ಸಂಖ್ಯೆಯ 1,500 ತೋಟಾಗಳು ಕ್ಲಬ್ಬಿನಲ್ಲಿ ಅವಳಿಗಾಗಿ ಇವೆ. ಮೇಲೆ ಕೆಳಗೆ ಚದುರುವುದು ನಿಂತ ಮೇಲೆ ಎಡಬಲಗಳ ಒಂದು ಸಣ್ಣ ದೋಷವು ಸ್ಪಷ್ಟವಾಗಿ ಕಂಡಿತು. ಅದು ಅವಳ ಕೈಯದೇ. ಈಗ ಅದನ್ನು ತಿದ್ದಿಕೊಳ್ಳುತ್ತಿದ್ದಾಳೆ.