ಪುದುಪೇಟೆಯ ದಾರಿ, ಅಪ್ಪನ ಟಿಲ್ಲರ್

ಚೆನ್ನೈಗೆ ಬರುವ ನೆಂಟರು, ಗೆಳೆಯರು ಎಲ್ಲರೂ ಕೇಳುವ ಮೊದಲ ಪ್ರಶ್ನೆ, "ನೋಡೋದಕ್ಕೆ ಏನಿದೆ ಅಲ್ಲಿ?" ಮರೀನಾ, ಮೈಲಾಪುರದ ಕಪಾಲೀಶ್ವರ, ಮಹಾಬಲಿಪುರ ಎಂದು ನಾನೂ ಎಲ್ಲರಂತೆ ಹೇಳುತ್ತಿದ್ದೆ. ಈಗ ಎರಡು ಮೂರು ವರ್ಷದಿಂದ ಆ ಪಟ್ಟಿಗೆ ಪುದುಪೇಟೆಯನ್ನೂ ಸೇರಿಸಿದ್ದೇನೆ. ಹೆಂಡತಿ ಇದನ್ನು ಕೇಳಿ ನಗುತ್ತಾಳೆ. "ಗುಜರಿ ಅಂಗಡಿ ತೋರಿಸೋಕೆ ಯಾರನ್ನಾದರೂ ಕರ್ಕೊಂಡು ಹೋಗ್ತಾರಾ?" ಎನ್ನುತ್ತಾಳೆ. ನಾನು ಕರೆದುಕೊಂಡು ಹೋಗುತ್ತೇನೆ.

ಎಗ್ಮೋರ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಆದಿತನಾರ್ ಸಾಲೈ ಹಿಡಿದು ಕೂವಂ ನದಿಯ ಕಡೆಗೆ ಹೋದರೆ ಮೊದಲು ಮೂಗಿಗೆ ನದಿ ಸಿಗುತ್ತದೆ, ಆಮೇಲೆ ಗ್ರೀಸ್ ವಾಸನೆ. ಅಲ್ಲಿಂದ ಮುಂದೆ ಗಲ್ಲಿಗಳೆಲ್ಲ ಬಿಚ್ಚಿದ ಗಾಡಿಗಳವು. ಒಂದು ಅಂಗಡಿಯಲ್ಲಿ ಬರೀ ಬಾಗಿಲು, ಪಕ್ಕದ್ದರಲ್ಲಿ ಬರೀ ಹೆಡ್‌ಲೈಟು, ಅದರಾಚೆ ಗೇರ್‌ಬಾಕ್ಸುಗಳ ಗುಡ್ಡೆ. ಅಂಗಡಿಯ ಒಳಗಿನದಕ್ಕಿಂತ ಹೊರಗೆ ಹರಡಿದ್ದೇ ಹೆಚ್ಚು. ರಸ್ತೆಯ ಮಣ್ಣು ಎಣ್ಣೆ ಕುಡಿದು ಕಪ್ಪಾಗಿ ಗಟ್ಟಿಯಾಗಿದೆ. ಬೆಂಗಳೂರಿನ ಶಿವಾಜಿನಗರದ ಗುಜರಿ ನೋಡಿದವರಿಗೆ ಇದು ಅದರ ಅಣ್ಣ ಎಂದರೆ ಅರ್ಥವಾದೀತು. ಇಲ್ಲಿ ಬೈಕ್ ನಿಲ್ಲಿಸಿ ಟೀ ಕುಡಿದು ಬಂದರೆ ನಿಮ್ಮದೇ ಬೈಕಿನ ಕನ್ನಡಿಯನ್ನು ನಿಮಗೇ ಮಾರುತ್ತಾರೆ ಎಂಬುದು ಊರಿನವರ ಹಳೆಯ ಜೋಕು. ನನ್ನ ಬೈಕಿನ ಕನ್ನಡಿ ಇದುವರೆಗೆ ಹೋಗಿಲ್ಲ.

ನಾನು ಅಲ್ಲಿಗೆ ಮೊದಲ ಸಲ ಹೋಗಿದ್ದು ಒಂದು ಪಿಸ್ಟನ್ ರಿಂಗ್ ಹುಡುಕಿಕೊಂಡು. ಬೈಕಿನದಲ್ಲ, ಕಾರಿನದೂ ಅಲ್ಲ, ಅಪ್ಪನ ಪವರ್ ಟಿಲ್ಲರಿನದು.

ನಮ್ಮೂರು ಸಾಗರದ ಕಡೆ. ಗದ್ದೆಗಳೆಲ್ಲ ಮೆಟ್ಟಿಲು ಮೆಟ್ಟಿಲು. ದೊಡ್ಡ ಟ್ರ್ಯಾಕ್ಟರ್ ಇಳಿಸಿದರೆ ತಿರುಗಿಸುವುದರೊಳಗೆ ಬದು ಮುಗಿದಿರುತ್ತದೆ. ಅದಕ್ಕೇ ಮಲೆನಾಡಿಗೆ ಟ್ರ್ಯಾಕ್ಟರಿಗಿಂತ ಟಿಲ್ಲರ್ ಹೆಚ್ಚು ಹೊಂದಿಕೊಂಡಿತು. ಎರಡು ಚಕ್ರ, ಒಂದು ಸಿಲಿಂಡರಿನ ಡೀಸೆಲ್ ಎಂಜಿನ್, ಎರಡು ಉದ್ದನೆಯ ಹಿಡಿ, ಹಿಂದೆ ನಡೆದುಕೊಂಡು ಹೋಗುವ ಮನುಷ್ಯ. ಜಪಾನಿನ ಸಣ್ಣ ಸಣ್ಣ ಭತ್ತದ ಗದ್ದೆಗೆ ಒಗ್ಗಿದ ಯಂತ್ರ ಅದು. ವಿಎಸ್‌ಟಿ ಕಂಪನಿ ಮಿತ್ಸುಬಿಷಿಯ ಸಹಯೋಗದಲ್ಲಿ 1967ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ಅದರ ಕಾರ್ಖಾನೆ ವೈಟ್‌ಫೀಲ್ಡ್ ರಸ್ತೆಯ ಮಹದೇವಪುರದಲ್ಲಿ. ಈಗ ನಮ್ಮಂಥ ಸಾಫ್ಟ್‌ವೇರ್ ಜನ ಟ್ರಾಫಿಕ್ಕಿನಲ್ಲಿ ಕೂತು ಗೊಣಗುವ ಜಾಗದಿಂದ ಒಂದು ಕಾಲದಲ್ಲಿ ಮಲೆನಾಡಿಗೆ ಟಿಲ್ಲರ್ ಬರುತ್ತಿತ್ತು.

ಅಪ್ಪ ಬ್ಯಾಂಕ್ ಸಾಲ ಮಾಡಿ ಟಿಲ್ಲರ್ ತಂದಿದ್ದು 1985ರಲ್ಲಿ. ನಾನು ಹುಟ್ಟಿದ್ದು ಅದರ ಮರುವರ್ಷ. ಹಾಗಾಗಿ ಮನೆಯಲ್ಲಿ ಅದೇ ಹಿರಿಮಗ. ಜೂನ್ ತಿಂಗಳಲ್ಲಿ ಕಬ್ಬಿಣದ ಕೇಜ್‌ವೀಲ್ ಹಾಕಿಕೊಂಡು ನಮ್ಮ ಗದ್ದೆ, ಅಕ್ಕಪಕ್ಕದವರ ಗದ್ದೆ ಎಲ್ಲ ಹೂಡುತ್ತಿತ್ತು. ಸುಗ್ಗಿ ಮುಗಿದ ಮೇಲೆ ಟ್ರೇಲರ್ ಕಟ್ಟಿಕೊಂಡು ದರಗು, ಗೊಬ್ಬರ, ಮದುವೆಯ ಪಾತ್ರೆ, ಒಮ್ಮೊಮ್ಮೆ ಮದುವೆಯ ದಿಬ್ಬಣವನ್ನೇ ಹೊರುತ್ತಿತ್ತು. ಅದನ್ನು ಮುಟ್ಟಲು ಮಾತ್ರ ಅಪ್ಪ ನನಗೆ ಬಿಡಲಿಲ್ಲ. "ನಿಂಗೆ ಎಂತಕ್ಕೆ ಅದು? ಓದ್ಕೋ ಹೋಗು" ಎನ್ನುವುದು ಒಂದೇ ಮಾತು. ನಾನು ಓದಿದೆ. ಎಂಜಿನಿಯರಿಂಗ್ ಆಯಿತು, ಎಂ.ಟೆಕ್. ಆಯಿತು, ಚೆನ್ನೈಯಲ್ಲಿ ಕೆಲಸವೂ ಆಯಿತು. ಟಿಲ್ಲರ್ ಸ್ಟಾರ್ಟ್ ಮಾಡಲು ಮಾತ್ರ ಬರಲಿಲ್ಲ.

2014ರಲ್ಲಿ ಕಂಪನಿ ಆರು ತಿಂಗಳಿಗೆ ಅಮೆರಿಕದ ಇಲಿನಾಯ್‌ಗೆ ಕಳಿಸಿತ್ತು. ಅಲ್ಲಿನ ಸಹೋದ್ಯೋಗಿಯೊಬ್ಬರು ಭಾನುವಾರ ಮನೆಗೆ ಕರೆದು ಗ್ಯಾರೇಜಿನ ಬಾಗಿಲು ಎತ್ತಿದರು. ಒಳಗೆ ನಾಲ್ಕು ಪುಟಾಣಿ ಟ್ರ್ಯಾಕ್ಟರುಗಳು, ಹೊಸ ಬಣ್ಣದಲ್ಲಿ ಹೊಳೆಯುತ್ತಿದ್ದವು. ಮನೆಯ ಹಿತ್ತಲಿನ ಹುಲ್ಲು ಕತ್ತರಿಸಲು, ಹಿಮ ತಳ್ಳಲು ಮಾಡಿದ ಗಾರ್ಡನ್ ಟ್ರ್ಯಾಕ್ಟರುಗಳು ಅವು. 1961ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ ತಂದ ಏಳು ಎಚ್.ಪಿ.ಯ ಕಬ್ ಕೆಡೆಟ್, 1963ರಲ್ಲಿ ಬಂದ ಜಾನ್ ಡಿಯರ್ 110 ಇಂಥವೆಲ್ಲ. ತುಕ್ಕು ಹಿಡಿದಿದ್ದನ್ನು ಕೊಂಡು, ಬೋಲ್ಟ್ ಬೋಲ್ಟ್ ಬಿಚ್ಚಿ, ತಿಂಗಳುಗಟ್ಟಲೆ ಕೂತು ಮೊದಲಿನಂತೆ ಮಾಡುವುದು ಅವರ ಹುಚ್ಚು. "ನಿಮ್ಮ ತಂದೆಯ ಬಳಿ ಯಾವುದಿತ್ತು?" ಎಂದು ಕೇಳಿದರು. ಟಿಲ್ಲರ್ ಎಂದೆ. ಯಾವ ಮಾಡೆಲ್ ಎಂದರು. ಗೊತ್ತಿರಲಿಲ್ಲ. ನನ್ನನ್ನು ಓದಿಸಿದ ಯಂತ್ರದ ಮಾಡೆಲ್ ನಂಬರ್ ನನಗೆ ಗೊತ್ತಿರಲಿಲ್ಲ. ಅವತ್ತು ಆದ ನಾಚಿಕೆ ಬಹಳ ದಿನ ಉಳಿಯಿತು.

2021ರಲ್ಲಿ ಅಮ್ಮ ಹೋದರು. ಅಪ್ಪನೊಬ್ಬರನ್ನೇ ಊರಲ್ಲಿ ಬಿಡುವಂತಿರಲಿಲ್ಲ. ಗದ್ದೆಗಳಿಗೆ ಆಗಲೇ ಅಡಿಕೆ ಸಸಿ ಬಿದ್ದಿತ್ತು. ಚಿಕ್ಕಪ್ಪನ ಮಗ ನೋಡಿಕೊಳ್ಳುತ್ತೇನೆ ಎಂದ. ಅಪ್ಪನನ್ನು ಮಡಿಪಾಕ್ಕಂನ ನಮ್ಮ ಫ್ಲ್ಯಾಟಿಗೆ ಕರೆತಂದೆವು. ಇಲ್ಲಿ ಬಂದ ಮೇಲೆ ಅವರ ಮಾತು ಕಡಿಮೆಯಾಗುತ್ತಾ ಬಂತು. ತಮಿಳು ಬಾರದು, ಟಿ.ವಿ. ಹಿಡಿಸದು. ಬಾಲ್ಕನಿಯಲ್ಲಿ ಕೂತು ರಸ್ತೆ ನೋಡುವುದು, ಊಟಕ್ಕೆ ಕರೆದರೆ ಬರುವುದು, ಅಷ್ಟೆ.

ಮರುವರ್ಷ ಚಿಕ್ಕಪ್ಪನ ಮಗ ಫೋನ್ ಮಾಡಿದ. "ಅಣ್ಣಾ, ಕೊಟ್ಟಿಗೇಲಿ ಟಿಲ್ಲರ್ ಸುಮ್ನೆ ತುಕ್ಕು ಹಿಡೀತಿದೆ. ಗುಜರಿಯವನು ಬಂದಿದಾನೆ, ಕೆ.ಜಿ. ಲೆಕ್ಕದಲ್ಲಿ ತಗೊಳ್ತಾನಂತೆ. ಕೊಟ್ಟುಬಿಡ್ಲಾ?" ಅಪ್ಪನನ್ನು ಕೇಳಿದೆ. ರಸ್ತೆಯಿಂದ ಕಣ್ಣು ತೆಗೆಯದೆ "ಕೊಡ್ಲಿ" ಅಂದರು. ನಾನು ಫೋನಿನಲ್ಲಿ "ಬೇಡ" ಅಂದೆ. ಯಾಕೆ ಅಂದೆನೋ ಆಗ ಗೊತ್ತಿರಲಿಲ್ಲ. ಎರಡು ವಾರದ ನಂತರ ಒಂದು ಮಿನಿಲಾರಿ ನಮ್ಮ ಅಪಾರ್ಟ್‌ಮೆಂಟಿನ ಗೇಟಿಗೆ ಬಂದು ನಿಂತಿತು. ನಾಲ್ಕು ಕ್ವಿಂಟಲ್ ಹತ್ತಿರದ ಕಬ್ಬಿಣವನ್ನು ಆರು ಜನ ಇಳಿಸಿದರು. ನನ್ನ ಕಾರು ಅವತ್ತಿನಿಂದ ರಸ್ತೆಗೆ ಹೋಯಿತು, ಪಾರ್ಕಿಂಗ್ ಜಾಗ ಟಿಲ್ಲರಿಗೆ ಬಂತು. ಅಪ್ಪ ಬಾಲ್ಕನಿಯಿಂದ ಎಲ್ಲ ನೋಡಿದರು. "ಎಂತ ಮಾಡ್ತೀಯ ಮಾರಾಯ ಇದನ್ನ ಇಲ್ಲಿ?" ಎಂದು ಕೇಳಿ ಒಳಗೆ ಹೋದರು.

ಭಾನುವಾರಗಳು ಹಾಗೆ ಶುರುವಾದವು. ಪಿಸ್ಟನ್ ಲೈನರಿಗೆ ಕಚ್ಚಿಕೊಂಡಿತ್ತು. ಡೀಸೆಲ್, ಸೀಮೆಎಣ್ಣೆ ಬೆರೆಸಿ ಹತ್ತು ದಿನ ನೆನೆಹಾಕಿ, ಮರದ ತುಂಡು ಇಟ್ಟು ಮೆಲ್ಲಗೆ ಬಡಿದ ಮೇಲೆ ಬಿಟ್ಟಿತು. ರಿಂಗುಗಳು ಮುರಿದಿದ್ದವು. ಆಯಿಲ್ ಸೀಲುಗಳು ಬಿಸ್ಕತ್ತಿನಂತೆ ಪುಡಿಯಾದವು. ಆಗಲೇ ಆಫೀಸಿನ ಗೆಳೆಯರೊಬ್ಬರು ಪುದುಪೇಟೆಯ ಹೆಸರು ಹೇಳಿದ್ದು.

ಅಲ್ಲಿ ನನಗೆ ಸಿಕ್ಕ ಗುರುವನ್ನು ಎಲ್ಲರೂ ಭಾಯ್ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಅರವತ್ತು ದಾಟಿದವರು. ಅಂಗಡಿಯ ಒಂದು ಮೂಲೆಯಲ್ಲಿ ಸಣ್ಣ ಲೇತ್. "ಎನ್ನ ಸಾರ್ ವೇಣುಂ?" ಎಂದರು. ಮುರಿದ ರಿಂಗು ತೋರಿಸಿದೆ. ವಾಹನ ಯಾವುದೆಂದು ಕೇಳಲೇ ಇಲ್ಲ. ವರ್ನಿಯರ್ ತೆಗೆದು ಅಳತೆ ಹಿಡಿದರು. ಹೆಸರಿನ ಹಿಂದೆ ಹೋಗಬಾರದು, ಅಳತೆಯ ಹಿಂದೆ ಹೋಗಬೇಕು ಎಂಬುದು ಅವರು ಕಲಿಸಿದ ಮೊದಲ ಪಾಠ. ಬೇರಿಂಗಿನ ಮೇಲೆ 6205 ಎಂದಿದ್ದರೆ ಜಗತ್ತಿನ ಯಾವ ಕಂಪನಿಯದಾದರೂ ಒಳವ್ಯಾಸ 25 ಮಿಲಿಮೀಟರ್, ಹೊರವ್ಯಾಸ 52, ದಪ್ಪ 15. ಕೊನೆಯ ಎರಡು ಅಂಕಿಯನ್ನು 5ರಿಂದ ಗುಣಿಸಿದರೆ ಒಳವ್ಯಾಸ ಬರುತ್ತದೆ. ಆಯಿಲ್ ಸೀಲಿಗೂ ಅಷ್ಟೆ, ಒಳ, ಹೊರ, ದಪ್ಪ ಎಂದು ಮೂರು ಅಂಕಿ ಹೇಳಿದರೆ ಸಾಕು, ಮೌಂಟ್ ರೋಡಿನ ಪಕ್ಕದ ಜನರಲ್ ಪ್ಯಾಟರ್ಸ್ ರೋಡಿನಲ್ಲಿ ಕೈಗೆ ಕೊಡುತ್ತಾರೆ. ದಿನವಿಡೀ ಎರಡು ಸಾಫ್ಟ್‌ವೇರುಗಳು ಪರಸ್ಪರ ಮಾತಾಡುವಂತೆ ಮಾಡಲು ಒದ್ದಾಡುವ ನನಗೆ ಈ ಶಿಸ್ತು ಕಂಡು ಹೊಟ್ಟೆಕಿಚ್ಚಾಯಿತು.

ರಿಪೇರಿಯ ನೆಪದಲ್ಲಿ ಚೆನ್ನೈಯ ಇನ್ನೊಂದು ಮುಖ ಕಂಡಿತು. ಹತ್ತು ವರ್ಷದಿಂದ ನಾನು ನೋಡುತ್ತಿದ್ದ ಚೆನ್ನೈ ಎಂದರೆ ಓಎಂಆರ್ ರಸ್ತೆಯ ಗಾಜಿನ ಕಟ್ಟಡಗಳು. ಆದರೆ ಇದು ಮೂಲದಲ್ಲಿ ಎಂಜಿನ್ನುಗಳ ಊರು. ಮೌಂಟ್ ರೋಡಿನ ಸಿಂಪ್ಸನ್ ಕಂಪನಿ 1840ರಲ್ಲಿ ಕುದುರೆಗಾಡಿ ಕಟ್ಟುವುದರಿಂದ ಶುರುವಾದದ್ದು, ಆಮೇಲೆ ಡೀಸೆಲ್ ಎಂಜಿನ್ನಿಗೆ ಬಂತು. ಅದೇ ಬಳಗದ ಇಂಡಿಯಾ ಪಿಸ್ಟನ್ಸ್ ಸೆಂಬಿಯಂನಲ್ಲಿ. ಮಾಸ್ಸೆ ಫರ್ಗ್ಯುಸನ್ ಟ್ರ್ಯಾಕ್ಟರ್ ಮಾಡುವ ಟಾಫೆ 1960ರಲ್ಲಿ ಹುಟ್ಟಿದ್ದೂ ಈ ಬಳಗದಲ್ಲೇ. ಬಯಲುಸೀಮೆಯ ರೈತರು 'ಮಾಸಿ' ಎಂದು ಕರೆಯುವ ಕೆಂಪು ಟ್ರ್ಯಾಕ್ಟರಿನ ತವರು ಇದು. ಉತ್ತರಕ್ಕೆ ಹೋದರೆ ಎನ್ನೋರಿನಲ್ಲಿ ಅಶೋಕ್ ಲೇಲ್ಯಾಂಡ್, ತಿರುವೊಟ್ಟಿಯೂರಿನಲ್ಲಿ ಎನ್‌ಫೀಲ್ಡ್. ಇಷ್ಟು ಕಾರ್ಖಾನೆಗಳಿರುವ ಊರಿನಲ್ಲಿ ಹಳೆಯ ಯಂತ್ರ ಬಿಚ್ಚಿ ಬದುಕಿಸುವ ಪುದುಪೇಟೆಯೂ ಇರಬೇಕಾದ್ದೇ.

2023ರ ನವೆಂಬರ್ ಹೊತ್ತಿಗೆ ಟಿಲ್ಲರ್ ಪೂರ್ತಿ ಜೋಡಿಸಿದ್ದೆ. ಲೈನರ್ ಉಜ್ಜಿಸಿ, ಹೊಸ ರಿಂಗ್ ಹಾಕಿ, ನಾಝಲ್ ಸರ್ವಿಸ್ ಮಾಡಿಸಿ, ಬೆಲ್ಟ್ ಬದಲಿಸಿ, ಕೆಂಪು ಬಣ್ಣವನ್ನೂ ಹೊಡೆದಿದ್ದೆ. ಸ್ಟಾರ್ಟ್ ಮಾತ್ರ ಆಗಲಿಲ್ಲ. ಹ್ಯಾಂಡಲ್ ತಿರುಗಿಸಿ ತಿರುಗಿಸಿ ಭುಜ ಸೋತಿತು. ಒಮ್ಮೊಮ್ಮೆ ಒಂದು ಕೆಮ್ಮು, ಅಷ್ಟೇ. ಅಪ್ಪ ಮೇಲೆಯೇ ಇದ್ದಾರೆ, ಕೇಳಬಹುದಿತ್ತು. ಕೇಳಲಿಲ್ಲ. ಅವರೂ ಇಳಿದು ಬರಲಿಲ್ಲ.

ಡಿಸೆಂಬರ್ ಮೊದಲ ವಾರ ಮಿಚಾಂಗ್ ಚಂಡಮಾರುತ ಬಂತು. ಚೆನ್ನೈಯವರಿಗೆ ಆ ದಿನಗಳನ್ನು ಬಿಡಿಸಿ ಹೇಳಬೇಕಿಲ್ಲ. ವೇಳಚೇರಿ, ಪಳ್ಳಿಕರಣೈ, ಮಡಿಪಾಕ್ಕಂ ಎಲ್ಲ ನೀರು. ತಮಿಳಿನಲ್ಲಿ 'ಏರಿ' ಎಂದರೆ ಕೆರೆ, ನಮ್ಮಲ್ಲಿ ಏರಿ ಎಂದರೆ ಕೆರೆಯ ದಂಡೆ. ನಾವು ಏರಿಯ ಮೇಲಿದ್ದೇವೆ ಎಂದುಕೊಂಡಿದ್ದೆವು, ನಿಜಕ್ಕೂ ಇದ್ದದ್ದು ಅವರ ಏರಿಯೊಳಗೆ. ದಕ್ಷಿಣ ಚೆನ್ನೈಯ ಈ ಬಡಾವಣೆಗಳು ಕೆರೆ, ಜೌಗು, ಭತ್ತದ ಗದ್ದೆಗಳ ಮೇಲೆ ಎದ್ದವು. ನೀರಿಗೆ ತನ್ನ ಹಳೆಯ ವಿಳಾಸ ಮರೆತಿರಲಿಲ್ಲ. ಪಾರ್ಕಿಂಗಿನಲ್ಲಿ ಸೊಂಟದ ಮಟ್ಟ ನಿಂತಿತು. ಕರೆಂಟಿಲ್ಲ, ಫೋನಿಲ್ಲ. ಟಿಲ್ಲರಿನ ಎರಡು ಹಿಡಿಗಳು ಮಾತ್ರ ನೀರಿನ ಮೇಲೆ ಕಾಣುತ್ತಿದ್ದವು. ಮೆಟ್ಟಿಲ ಮೇಲೆ ನಿಂತು ನೋಡಿ ನನಗೆ ಅಳು ಬಂತು. ಒಂದೂವರೆ ವರ್ಷದ ಭಾನುವಾರಗಳು.

ಹಿಂದೆ ಬಂದು ನಿಂತ ಅಪ್ಪ, "ಅದು ನೀರು ನೋಡದ್ದಾ? ಮೂವತ್ತು ಮಳೆಗಾಲ ಕೆಸರಲ್ಲೇ ಇತ್ತು" ಅಂದರು. ಚೆನ್ನೈಗೆ ಬಂದ ಮೇಲೆ ಅವರು ತಾವಾಗಿ ಆಡಿದ ಅತಿ ಉದ್ದದ ಮಾತು ಅದು.

ನೀರು ಇಳಿದ ಮರುದಿನ ಬೆಳಿಗ್ಗೆ ಎದ್ದರೆ ಅಪ್ಪ ಹಾಸಿಗೆಯಲ್ಲಿ ಇರಲಿಲ್ಲ. ಕೆಳಗೆ ಟಿಲ್ಲರ್ ಪಕ್ಕ ಪಂಚೆ ಎತ್ತಿ ಕಟ್ಟಿ ಕೂತಿದ್ದರು. "ಸ್ಪ್ಯಾನರ್ ತಾ" ಅಂದರು. ಎಂಜಿನ್ನಿನ ತಳದ ಬೋಲ್ಟ್ ಬಿಚ್ಚಿಸಿದರು. ಮೊದಲು ನೀರು ಬಂತು, ಆಮೇಲೆ ಎಣ್ಣೆ. "ಓಡಿಸಿಲ್ಲ, ಒಳ್ಳೇದಾಯ್ತು. ಓಡಿಸಿದ್ರೆ ಎರಡೂ ಕಲೆಸಿ ಮಜ್ಜಿಗೆ ಆಗ್ತಿತ್ತು" ಅಂದರು. ಡೀಸೆಲ್ ಟ್ಯಾಂಕ್ ಖಾಲಿ ಮಾಡಿದೆವು. ಏರ್ ಫಿಲ್ಟರ್ ಬಿಚ್ಚಿ ಒಣಗಿಸಿದೆವು. ಹೊಸ ಎಣ್ಣೆ ಹಾಕಿ, ಡೀಸೆಲ್ ಪೈಪಿನ ಬೋಲ್ಟ್ ಸಡಿಲಿಸಿ ಗುಳ್ಳೆ ನಿಲ್ಲುವವರೆಗೆ ಗಾಳಿ ತೆಗೆದೆವು. ಆಮೇಲೆ ನಾನು ಹ್ಯಾಂಡಲ್ ಹಿಡಿದೆ.

"ಹಾಗಲ್ಲ" ಅಂದರು. ನನ್ನ ಹೆಬ್ಬೆರಳನ್ನು ಹಿಡಿದು ಉಳಿದ ಬೆರಳುಗಳ ಪಕ್ಕಕ್ಕೆ ಇಟ್ಟರು. "ಹೆಬ್ಬೆರಳು ಸುತ್ತಬಾರದು. ಎಂಜಿನ್ ಹಿಂದಕ್ಕೆ ಒದ್ರೆ ಮುರಿದೇ ಹೋಗುತ್ತೆ. ನಮ್ಮ ಕೆಲಸದವನೊಬ್ಬಂದು ಮುರಿದಿತ್ತು. ಅದಕ್ಕೇ ನಿನ್ನ ಹತ್ರ ಬಿಡ್ತಿರಲಿಲ್ಲ." ಇಷ್ಟು ವರ್ಷ ನಾನು ಅಂದುಕೊಂಡಿದ್ದ ಕಾರಣವೇ ಬೇರೆ. ಆಮೇಲೆ ಡಿಕಂಪ್ರೆಷನ್ ಲಿವರ್ ತೋರಿಸಿದರು. ಅದನ್ನು ಎತ್ತಿ ಹಿಡಿದರೆ ವಾಲ್ವ್ ತೆರೆದಿರುತ್ತದೆ, ಒಳಗೆ ಗಾಳಿ ಒತ್ತುವುದಿಲ್ಲ, ಹ್ಯಾಂಡಲ್ ಹಗುರವಾಗಿ ತಿರುಗುತ್ತದೆ. ಫ್ಲೈವೀಲ್‌ಗೆ ಸಾಕಷ್ಟು ವೇಗ ಬಂದ ಮೇಲೆ ಲಿವರ್ ಬಿಡಬೇಕು. ನಾನು ಬೇಗ ಬಿಡುತ್ತಿದ್ದೆ. "ಎಣಿಸ್ಬೇಡ, ಕೇಳು. ಸದ್ದು ಬದಲಾಗುತ್ತೆ, ಆಗ ಬಿಡು."

ಮೂರನೆಯ ಸಲಕ್ಕೆ ಹಿಡಿಯಿತು. ಮೊದಲು ಬಿಳಿ ಹೊಗೆ, ಆಮೇಲೆ ಕಪ್ಪು, ಆಮೇಲೆ ಅದೇ ಟಕ ಟಕ ಟಕ. ಅಪಾರ್ಟ್‌ಮೆಂಟಿನ ಬಾಲ್ಕನಿಗಳಲ್ಲೆಲ್ಲ ಜನ. ಅವತ್ತು ಇಡೀ ಕಟ್ಟಡದಲ್ಲಿ ಸ್ಟಾರ್ಟ್ ಆದ ಗಾಡಿ ಅದೊಂದೇ, ಕಾರುಗಳೆಲ್ಲ ಟೋಯಿಂಗ್ ಲಾರಿಗೆ ಕಾಯುತ್ತಿದ್ದವು. ಇದಕ್ಕೆ ಬೆಲ್ಟ್ ಹಾಕಿ ಲಿಫ್ಟ್ ಗುಂಡಿಯ ನೀರು ಎತ್ತಬಹುದು ಎಂದು ಅಪ್ಪ ಉತ್ಸಾಹದಿಂದ ಹೇಳಿದರು. ಅದಕ್ಕೆ ಬೇಕಾದ ಪಂಪ್ ನಮ್ಮಲ್ಲಿರಲಿಲ್ಲ. ಅಸೋಸಿಯೇಷನ್ನಿನವರು ಬಾಡಿಗೆಗೆ ತಂದರು.

ಅದೇ ಅಸೋಸಿಯೇಷನ್ ಮುಂದಿನ ತಿಂಗಳು ಪಾರ್ಕಿಂಗಿನಲ್ಲಿ ಕೃಷಿ ಯಂತ್ರ ಇಡಬಾರದೆಂದು ಪತ್ರ ಕೊಟ್ಟಿತು. ಅವರದ್ದು ತಪ್ಪೆಂದು ಹೇಳಲಾರೆ. ಟಿಲ್ಲರ್ ಮತ್ತೆ ಲಾರಿ ಹತ್ತಿತು. ಹೊಸನಗರದ ಕಡೆ ಇನ್ನೂ ಭತ್ತ ಬೆಳೆಯುವ ಸೋದರಮಾವನ ಮಗನ ಮನೆಯಲ್ಲಿದೆ ಈಗ. ಜೂನಿನಲ್ಲಿ ಅಪ್ಪ ಒಬ್ಬರೇ ರೈಲು ಹತ್ತಿ ಹೋಗಿ, ಹದಿನೈದು ದಿನವಿದ್ದು, ಹೂಟಿ ಮುಗಿಸಿಕೊಟ್ಟು ಬಂದರು. ಬರುವಾಗ ಚೀಲದಲ್ಲಿ ಒಂದು ಸವೆದ ಗೇರ್ ಇತ್ತು.

ಈಗ ಪುದುಪೇಟೆಗೆ ನಾವಿಬ್ಬರೂ ಹೋಗುತ್ತೇವೆ. ಅಪ್ಪನಿಗೆ ತಮಿಳು ಬಾರದು, ಭಾಯ್‌ಗೆ ಕನ್ನಡ ಬಾರದು. ಗೇರನ್ನು ನಡುವೆ ಇಟ್ಟುಕೊಂಡು ಇಬ್ಬರೂ ಅರ್ಧ ಗಂಟೆ ಮಾತಾಡುತ್ತಾರೆ. ನಾನು ಟೀ ತರಲು ಹೋಗುತ್ತೇನೆ.