ಅಜ್ಜ ದಾಟದ ಸೇತುವೆ

ಈ ಭೂಮಿ ಹುಣ್ಣಿಮೆಗೆ ನಮ್ಮಜ್ಜ ಇಲ್ಲದೆ ಒಂದು ವರ್ಷವಾಯಿತು. ಕಳೆದ ವರ್ಷ ಹುಣ್ಣಿಮೆ ಮುಗಿದ ನಾಲ್ಕನೇ ದಿನ, ಬೆಳಗಿನ ಚಾ ಕುಡಿದು, ಜಗಲಿಯಲ್ಲಿ ಕೂತಲ್ಲೇ ಹೋದರು. ನಾವು ಐದು ಮೊಮ್ಮಕ್ಕಳು. ಈ ಸಲ ಹಬ್ಬಕ್ಕೆ ಎಲ್ಲರೂ ಊರಿಗೆ ಬಂದಿದ್ದೆವು. ರಾತ್ರಿ ಕೂತು ಅಜ್ಜನ ಬಗ್ಗೆ ಮಾತಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಆಧಾರ್ ಕಾರ್ಡಿನ ಪ್ರಕಾರ ಅಜ್ಜ ಹುಟ್ಟಿದ್ದು 1935ರ ಜನವರಿ 1ಕ್ಕೆ. ನಿಮ್ಮ ಮನೆಯ ಹಿರಿಯರೂ ಬಹುಶಃ ಅದೇ ತಾರೀಕಿಗೆ ಹುಟ್ಟಿರುತ್ತಾರೆ! ಅಜ್ಜನನ್ನು ಕೇಳಿದರೆ ಬೇರೆ ಲೆಕ್ಕ. "ಮಡೆನೂರು ಕಟ್ಟೆ ಕಟ್ಟುವಾಗ ನಾನು ದನ ಕಾಯ್ತಿದ್ದೆ" ಅನ್ನುತ್ತಿದ್ದರು. ಹಿರೇಭಾಸ್ಕರ ಅಣೆಕಟ್ಟು ಅಂತ ಪುಸ್ತಕದಲ್ಲಿ ಇರುವುದು ಅದೇ. ಅದು ಮುಗಿದದ್ದು 1948ರಲ್ಲಿ. ಆಮೇಲೆ 1964ರಲ್ಲಿ ಲಿಂಗನಮಕ್ಕಿ ಬಂತು. ಹಳೆ ಅಣೆಕಟ್ಟೂ ಮುಳುಗಿತು, ಅಜ್ಜನ ಊರೂ ಮುಳುಗಿತು.

ಅಜ್ಜ ಗೇಣಿ ಮಾಡುತ್ತಿದ್ದವರು. ಗದ್ದೆ ಅವರ ಹೆಸರಿನಲ್ಲಿ ಇರಲಿಲ್ಲ. ಪರಿಹಾರದ ಹಣ ಒಡೆಯರಿಗೆ ಹೋಯಿತು. ಅಜ್ಜ ಅಜ್ಜಿಯನ್ನೂ ತೊಟ್ಟಿಲ ಮಗುವಾಗಿದ್ದ ನಮ್ಮಪ್ಪನನ್ನೂ ಕರೆದುಕೊಂಡು, ಎರಡು ಎತ್ತು, ಒಂದು ನೊಗ, ಬೀಜದ ಭತ್ತ ಹೊತ್ತು ಗುಡ್ಡ ಹತ್ತಿದರು. ಈಗ ನಮ್ಮ ಮನೆ ಇರುವುದು ಅಲ್ಲೇ, ತುಮರಿ ಕಡೆ. ಮೂರು ಕಡೆ ಹಿನ್ನೀರು, ಒಂದು ಕಡೆ ಕಾಡು. ಶರಾವತಿ ಕರೆಂಟು ರಾಜ್ಯಕ್ಕೆಲ್ಲ ಬೆಳಕು ಕೊಟ್ಟಿತು. ನಮ್ಮ ಮನೆಯಲ್ಲಿ ಬಲ್ಬು ಉರಿದದ್ದು ನಮ್ಮಲ್ಲಿ ದೊಡ್ಡವಳು ಶಾಲೆಗೆ ಸೇರಿದ ಮೇಲೆ.

ಇಷ್ಟೆಲ್ಲ ಆದ ಮೇಲೆ ಆ ನೀರಿನ ಮೇಲೆ ಸಿಟ್ಟು ಇರಬೇಕಿತ್ತಲ್ಲವೇ? ಅಜ್ಜನಿಗೆ ಇರಲಿಲ್ಲ. ಗದ್ದೆ ಕೆಲಸ ಮುಗಿದರೆ ಅವರು ಇರುತ್ತಿದ್ದುದು ನೀರಿನ ದಂಡೆಯಲ್ಲಿ, ಇಲ್ಲವೇ ಕಾಡಿನಲ್ಲಿ. ಮನೆಯೊಳಗೆ ಕೂತರೆ ಅವರಿಗೆ ತಲೆನೋವು ಬರುತ್ತಿತ್ತು. ಕಂಬಳಿಕೊಪ್ಪೆ ಹಾಕಿಕೊಂಡು ಆರಿದ್ರಾ ಮಳೆಯಲ್ಲಿ ಹೊರಟರೆ ನಾವೂ ಹಿಂದೆ ಹಿಂದೆ. ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಮೀನು ಹತ್ತುತ್ತವೆ. ಹತ್ತುಮೀನು ಅಂತ ನಾವು ಕರೆಯುವುದು. ಅಜ್ಜ ಬಿದಿರಿನ ಕೂಣಿ ಹೆಣೆದು ನೀರು ಹರಿಯುವ ಕಡೆ ಇಡುತ್ತಿದ್ದರು. ಬೆಳಿಗ್ಗೆ ಕೂಣಿ ತೆಗೆದಾಗ ಮೊದಲು ನೋಡುತ್ತಿದ್ದುದು ಮೀನಿನ ಹೊಟ್ಟೆ. ಮೊಟ್ಟೆ ತುಂಬಿದ್ದರೆ ಮೇಲಿನ ಗದ್ದೆಗೆ ಬಿಟ್ಟುಬಿಡುತ್ತಿದ್ದರು. ನಮಗೆ ಹೊಟ್ಟೆಯುರಿ. "ಎಲ್ಲ ಈ ವರ್ಷವೇ ತಿಂದ್ರೆ ಮುಂದಿನ ವರ್ಷ ಕೂಣಿಗೆ ನಿನ್ನ ಹಾಕಾದಾ?" ಎಂದು ಬೈಯುತ್ತಿದ್ದರು.

ಯಾವ ಹುತ್ತದ ಬುಡದಲ್ಲಿ ಯಾವ ವಾರ ಅಣಬೆ ಏಳುತ್ತದೆ, ಕಳಲೆ ಎಷ್ಟು ಎತ್ತರ ಇದ್ದಾಗ ಮುರಿಯಬೇಕು, ಒಂದು ಮೆಳೆಯಲ್ಲಿ ಎಷ್ಟು ಬಿಡಬೇಕು, ಇದೆಲ್ಲ ಅವರೇ ಹೇಳಿಕೊಟ್ಟದ್ದು. ತುಡುವೆ ಜೇನು ಕೀಳುವಾಗ ಮರಿ ಇರುವ ತಟ್ಟೆ ಮುಟ್ಟುತ್ತಿರಲಿಲ್ಲ. ಜೇನು ಇರುವ ಪಾಲನ್ನು ಮಾತ್ರ ಕೊಯ್ದು ತರುತ್ತಿದ್ದರು. ತಂದದ್ದರಲ್ಲಿ ಮೊದಲ ಪಾಲು ಬಾಣಂತಿ ಇರುವ ಮನೆಗೆ ಹೋಗುತ್ತಿತ್ತು.

ಅಜ್ಜಿಗೆ ಮಾತ್ರ ಬೇರೆಯೇ ಪಾಲು ಇತ್ತು. ಶಿವರಾತ್ರಿ ಆಸುಪಾಸಿನಲ್ಲಿ ಕಾಡಿನಲ್ಲಿ ಸುರಗಿ ಬಿಡುತ್ತದೆ. ಅಜ್ಜ ಪಂಚೆಯ ತುದಿಯಲ್ಲಿ ಕಟ್ಟಿಕೊಂಡು ಬಂದು, ಏನೂ ಹೇಳದೆ ಅಡುಗೆಮನೆ ಹೊಸ್ತಿಲ ಮೇಲೆ ಸುರಿದು ಹೋಗುತ್ತಿದ್ದರು. ಸುರಗಿ ಒಣಗಿದರೂ ಪರಿಮಳ ಹೋಗುವುದಿಲ್ಲ. ಅಜ್ಜಿ ಪೋಣಿಸಿ ಮುಡಿಯುತ್ತಿದ್ದರು, ಉಳಿದದ್ದನ್ನು ಸೀರೆ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಅವರಿಬ್ಬರೂ ನಮ್ಮೆದುರು ಪ್ರೀತಿಯ ಮಾತಾಡಿದ್ದು ನಮಗೆ ನೆನಪಿಲ್ಲ. ಈ ಸುರಗಿ ಮಾತ್ರ ಒಂದು ವರ್ಷವೂ ತಪ್ಪಿಲ್ಲ.

ಸೇತುವೆ ಬರುವವರೆಗೆ ನಮ್ಮ ಕಡೆಯ ಕಷ್ಟ ಲಾಂಚಿನದಾಗಿತ್ತು. ಹೊಳೆಬಾಗಿಲಲ್ಲಿ ಲಾಂಚ್ ಹತ್ತಿದರೆ ಸಾಗರಕ್ಕೆ ದಾರಿ ಇತ್ತು. ಸಂಜೆಯಾದರೆ ಲಾಂಚ್ ನಿಲ್ಲುತ್ತಿತ್ತು. ಆಮೇಲೆ ಏನಾದರೂ ಆದರೆ ಕಾಡುದಾರಿಯಲ್ಲಿ ಸುತ್ತಿ ಹೋಗಬೇಕಿತ್ತು. ನಮ್ಮಲ್ಲಿ ದೊಡ್ಡವಳು ಹುಟ್ಟುವ ರಾತ್ರಿ ಅಮ್ಮನಿಗೆ ನೋವು ಜೋರಾಯಿತು. ಅಜ್ಜ ಅಪ್ಪನನ್ನು ಎದುರು ಕೂರಿಸಿ, ಅಮ್ಮನನ್ನು ಕಂಬಳಿಯಲ್ಲಿ ಮಲಗಿಸಿ, ಉಕ್ಕಡ ಹೊರಡಿಸಿಯೇ ಬಿಟ್ಟರು. ನೀರಿನೊಳಗೆ ಸತ್ತ ಮರಗಳ ಬೊಡ್ಡೆಗಳು ನಿಂತಿರುತ್ತವೆ. ತಾಗಿದರೆ ಉಕ್ಕಡ ಮಗುಚುತ್ತದೆ. ಅಜ್ಜನಿಗೆ ಒಂದೊಂದು ಬೊಡ್ಡೆಯೂ ಗೊತ್ತಿತ್ತು, ಮರ ಹಸಿರಾಗಿದ್ದಾಗ ಅದರ ನೆರಳಲ್ಲಿ ದನ ಕಾಯ್ದವರಲ್ಲವೇ? ದೊಡ್ಡವಳು ಆಚೆ ದಡದಲ್ಲಿ ಬೆಳಗಾಗುವ ಹೊತ್ತಿಗೆ ಹುಟ್ಟಿದಳು.

ಅಜ್ಜಿಯ ಸಲ ಹಾಗಾಗಲಿಲ್ಲ. ಅದು ಮಳೆಗಾಲದ ರಾತ್ರಿ. ಎದೆನೋವು ಅಂದರು. ಗಾಳಿ ಎಷ್ಟಿತ್ತೆಂದರೆ ದಂಡೆಯಲ್ಲಿ ಕಟ್ಟಿದ ಉಕ್ಕಡವೇ ನಿಲ್ಲುತ್ತಿರಲಿಲ್ಲ. ಆದರೂ ಅಜ್ಜ ಹುಟ್ಟು ಹಿಡಿದು ಇಳಿದರು. ಅಪ್ಪ ಅವರನ್ನು ಹಿಡಿದು ಎಳೆದುಕೊಂಡು ಬಂದರು. ಜೀಪು ಸುತ್ತಿನ ದಾರಿಯಲ್ಲಿ ಹೊರಟಿತು. ಅರ್ಧ ದಾರಿಯಲ್ಲಿ ಮರ ಬಿದ್ದಿತ್ತು. ಅದನ್ನು ಕಡಿದು ಸರಿಸುವಷ್ಟರಲ್ಲಿ ಅಜ್ಜಿ ಹೋಗಿದ್ದರು.

ಆ ರಾತ್ರಿಯ ಬಗ್ಗೆ ಅಜ್ಜ ಒಂದು ದಿನವೂ ಮಾತಾಡಲಿಲ್ಲ. ಅಪ್ಪನ ಮೇಲೆ ಸಿಟ್ಟಿತ್ತೋ, ತಮ್ಮ ಮೇಲೆ ಸಿಟ್ಟಿತ್ತೋ ನಮಗೆ ತಿಳಿಯಲಿಲ್ಲ. ಮುಂದಿನ ಶಿವರಾತ್ರಿಗೆ ಸುರಗಿ ತಂದರು. ಹೊಸ್ತಿಲ ಮೇಲೆ ಹಾಕಲಿಲ್ಲ. ಸೀದಾ ಒಳಗೆ ಹೋಗಿ ಅಜ್ಜಿಯ ಪೆಟ್ಟಿಗೆ ತೆಗೆದು ಸೀರೆಗಳ ಮೇಲೆ ಹರಡಿದರು. ಆಮೇಲೆ ಪ್ರತಿ ವರ್ಷ ಹಾಗೇ ಮಾಡಿದರು. ಕಾಡಿಗೆ ಹೋಗಲು ಕಾಲು ಬಾರದಾದ ಮೇಲೆ ನಮ್ಮನ್ನು ಕಳಿಸಿದರು.

ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಮಡೆನೂರು ಅಣೆಕಟ್ಟು ಮೇಲೆ ಕಾಣುತ್ತದೆ. ದೂರದೂರದಿಂದ ಜನ ನೋಡಲು ಬರುತ್ತಾರೆ, ಫೋಟೋ ತೆಗೆಯುತ್ತಾರೆ. ಅಜ್ಜ ನಮ್ಮನ್ನು ಕರೆದೊಯ್ಯುತ್ತಿದ್ದುದು ಬೇರೆ ಕಡೆ. ಬಿರುಕು ಬಿಟ್ಟ ಕೆಸರಿನ ಮೇಲೆ ನಡೆದು, ಒಂದು ಕಡೆ ನಿಂತು, "ಇದು ಕೊಟ್ಟಿಗೆ. ಇದು ಬಾವಿ. ನಿಮ್ಮಜ್ಜಿ ಮದುವೆಯಾಗಿ ಬಂದು ಅಕ್ಕಿ ಒದ್ದದ್ದು ಈ ಕಲ್ಲಿನ ಹತ್ರ" ಎಂದು ತೋರಿಸುತ್ತಿದ್ದರು. ನಮಗೆ ಕಾಣುತ್ತಿದ್ದುದು ನಾಲ್ಕು ಜಂಬಿಟ್ಟಿಗೆ ಕಲ್ಲು.

ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಸೇತುವೆ ಕೆಲಸ ಶುರುವಾದಾಗ ಅಜ್ಜನಿಗೆ ಎಂಬತ್ತೈದು ದಾಟಿತ್ತು. ಯಾರದಾದರೂ ಬೈಕಿನ ಹಿಂದೆ ಕೂತು ಹೋಗಿ ಕಂಬ ಎಣಿಸಿ ಬರುತ್ತಿದ್ದರು. "ಇನ್ನು ಎರಡು ಕಂಬ ಬಾಕಿ" ಎಂದು ರಾತ್ರಿ ಊಟದ ಹೊತ್ತಿಗೆ ಸುದ್ದಿ. ನೀರು, ಮೀನು ಅಂತ ಬದುಕಿದವರಿಗೆ ಈ ಸಿಮೆಂಟಿನ ಮೇಲೆ ಯಾಕಿಷ್ಟು ಆಸೆ ಎಂದು ನಮ್ಮಲ್ಲಿ ಚಿಕ್ಕವನು ಒಮ್ಮೆ ಕೇಳಿಬಿಟ್ಟ. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, "ರಾತ್ರಿ ಹೊತ್ತು ಯಾರಾದ್ರೂ ದಾಟ್ಬೋದು" ಅಂದರು. ಆ ರಾತ್ರಿಯ ಬಗ್ಗೆ ಅವರ ಬಾಯಿಂದ ಬಂದ ಮಾತು ಅಂದರೆ ಅದೊಂದೇ.

ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಎರಡು ಕಿಲೋಮೀಟರಿಗೂ ಹೆಚ್ಚು ಉದ್ದ. ಅಜ್ಜನಿಗೆ ಒಂಬತ್ತು ತಿಂಗಳು ಸಾಲಲಿಲ್ಲ.

ಕಳೆದ ವರ್ಷದ ಭೂಮಿ ಹುಣ್ಣಿಮೆಗೆ ಅವರೇ ಹಚ್ಚಂಬಲಿಗೆ ಸೊಪ್ಪು ಹೇಳಿದ್ದರು. ಭೂಮಿತಾಯಿ ಬಸುರಿ, ಬಯಕೆ ಊಟಕ್ಕೆ ನೂರೊಂದು ಬಗೆ ಸೊಪ್ಪು ಬೇಕು ಎಂದು ಮಾತು. ಅಜ್ಜ ಜಗಲಿಯಲ್ಲಿ ಕೂತು ಒಂದೊಂದೇ ಹೆಸರು ಹೇಳಿದರು, ನಾವು ಓಡಿ ತಂದೆವು. ಅರವತ್ತು ಚಿಲ್ಲರೆ ಆಗುವಾಗ ಸಾಕಾದರು. ಈ ವರ್ಷ ನಾವೇ ಹೋದೆವು. ಐದು ಜನ ಸೇರಿ ಮೂವತ್ತೆಂಟು ಗುರುತಿಸಿದೆವು. ಉಳಿದದ್ದು ಅಜ್ಜನ ಜೊತೆ ಹೋಯಿತು. ಫೋನಿನಲ್ಲಿ ರೆಕಾರ್ಡ್ ಮಾಡಬೇಕು ಎಂದು ಪ್ರತಿ ಸಲ ಅಂದುಕೊಂಡಿದ್ದೆವು, ಮಾಡಲಿಲ್ಲ. ನಿಮ್ಮ ಮನೆಯಲ್ಲಿ ಇನ್ನೂ ಹಿರಿಯರಿದ್ದರೆ ಇವತ್ತೇ ಕೇಳಿಟ್ಟುಕೊಳ್ಳಿ.

ಬೂಮಣ್ಣಿ ಬುಟ್ಟಿ ಹೊತ್ತು ಬೆಳಗಿನ ಜಾವ ಗದ್ದೆಗೆ ಹೋಗಿ ಹಚ್ಚಂಬಲಿ ಬೀರಿದೆವು. ಕಾಗೆಗೆ, ಇಲಿಗೆ ಎಡೆ ಇಟ್ಟೆವು. ಅದೇ ರಾತ್ರಿ ಹನ್ನೊಂದು ಗಂಟೆಗೆ, ಕೆಲಸವೇನೂ ಇಲ್ಲದೆ, ಐದೂ ಜನ ಎರಡು ಬೈಕು, ಒಂದು ಸ್ಕೂಟರಿನಲ್ಲಿ ಸೇತುವೆ ದಾಟಿದೆವು. ಆಚೆ ದಡ ಮುಟ್ಟಲು ಐದು ನಿಮಿಷವೂ ಹಿಡಿಯಲಿಲ್ಲ. ಒಂದು ಆಂಬುಲೆನ್ಸ್ ನಮ್ಮ ಪಕ್ಕದಲ್ಲೇ ಸಾಗರದ ಕಡೆ ಹೋಯಿತು. ಯಾರ ಮನೆಯವರೋ ಗೊತ್ತಿಲ್ಲ. ಬೈಕು ನಿಲ್ಲಿಸಿ, ಅದರ ದೀಪ ಕಾಣುವಷ್ಟು ಹೊತ್ತು ನೋಡುತ್ತ ನಿಂತೆವು.